ಅಗರದ ಆ ಹೆಂಗಸು

ನನ್ನ ಅಜ್ಜಿ ಹಾಡುವಾಗ ಕಣ್ಣು ಮುಚ್ಚಿದವಳಲ್ಲ. ಮುಚ್ಚಿದರೆ ಎಳೆ ತಪ್ಪುತ್ತಿತ್ತು.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಮ್ಮ ಮನೆ. ನಡುಮನೆಯಲ್ಲೇ ಮಗ್ಗ. ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ ಸಾಲು, ಮುಗಿದು ಇನ್ನೊಂದನ್ನು ಏರಿಸುವಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಕೂದಲಿಗಿಂತ ಸಣ್ಣ ರೇಷ್ಮೆ, ಸಾವಿರಾರು ಎಳೆ. ಆ ಕೆಲಸಕ್ಕೆ ಬೀದಿಯಲ್ಲಿ ಯಾರ ಮನೆಯವರೇ ಆಗಲಿ ಮೊದಲು ಕರೆಯುತ್ತಿದ್ದುದು ಅಜ್ಜಿಯನ್ನು. ತೆಂಗಿನ ಚಿಪ್ಪಿನಲ್ಲಿ ಬಟ್ಟೆಯಿಂದ ಸೋಸಿದ ಬೂದಿ ಇಟ್ಟುಕೊಂಡು, ಹೆಬ್ಬೆರಳು ತೋರುಬೆರಳನ್ನು ಅದಕ್ಕೆ ತಾಗಿಸಿ, ಎರಡು ಎಳೆಗಳನ್ನು ಒಂದು ಸಲ ತೀಡಿದಳೆಂದರೆ ಮುಗಿಯಿತು, ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಕೈ ಒಂದು ಕಡೆ ಹೀಗೆ ನಡೆಯುತ್ತಿದ್ದರೆ ಬಾಯಿ ಇನ್ನೊಂದು ಕಡೆ ಪದ ಹೇಳುತ್ತಿತ್ತು. ನಡುವೆ ಬೆಕ್ಕು ಅಡುಗೆಮನೆಗೆ ನುಗ್ಗಿದರೆ ಅದಕ್ಕೆ ಎರಡು ಬೈದು, ಬಿಟ್ಟ ಅಕ್ಷರದಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಕೈ ಕೆಲಸಕ್ಕೆ ಹಾಡು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಕೈಗಲ್ಲ, ಬೆನ್ನಿಗೆ ಎಂದಳು. "ಪದ ಇಲ್ದೆ ಇದ್ರೆ ಈ ಬೆನ್ನ ಯಾರು ಒರ್ತಾರೆ ಮಗ?"

ಅಜ್ಜಿ ತೀರಿಕೊಂಡು ವರ್ಷವಾಗುತ್ತ ಬಂತು. ಅವಳ ಕಂಠದ ಬಗ್ಗೆ, ಕೈಚಳಕದ ಬಗ್ಗೆ, ಅವಳ ದೇವರು ಮಾದಪ್ಪನ ಬಗ್ಗೆ ಬರೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಓದಿದವಳು ನೀನೊಬ್ಬಳೇ ಎನ್ನುತ್ತಾರೆ. ಬರೆಯಬಹುದು. ಆದರೆ ಒಂದು ಸಲ ನಾನು ಅವಳನ್ನು ನನ್ನ ಮನೆ ಬಾಗಿಲಿನಿಂದ ಭಿಕ್ಷುಕಿಯನ್ನು ಕಳಿಸಿದಂತೆ ಕಳಿಸಿದ್ದೇನೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಚೆಂದವಾಗಿ ಬರೆದರೆ ಅದು ಅವಳ ಚಿತ್ರವಾಗುವುದಿಲ್ಲ, ನನ್ನ ಜಂಬವಾಗುತ್ತದೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಬಿಳಿ ಅಂಗಿ, ನೀಲಿ ಲಂಗ. ಬೆಳಿಗ್ಗೆ ನಾನು ಸಮವಸ್ತ್ರ ಹಾಕಿಕೊಂಡು ಹೊರಟರೆ ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲವರೆಗೆ ಬರುತ್ತಿದ್ದಳು. ಬೆರಳಿನ ಬೂದಿ ನನ್ನ ಬಟ್ಟೆಗೆ ತಾಗಬಾರದೆಂದು. ಸಂಜೆ ನಾನು ಲಂಗ ಬದಲಿಸಿ ಬಂದ ಮೇಲೆಯೇ ಅವಳು ನನ್ನನ್ನು ಮುಟ್ಟುತ್ತಿದ್ದುದು. ಅದು ಅವಳ ಪ್ರೀತಿ ಎಂದು ಆಗ ಹೊಳೆಯಲಿಲ್ಲ. ಬಿಳಿ ಅಂಗಿ ಹಾಕಿದವರನ್ನು ದೂರದಿಂದಲೇ ನೋಡಬೇಕು ಎಂಬ ಪಾಠವನ್ನಷ್ಟೇ ನಾನು ಕಲಿತೆನೇನೋ.

ಒಮ್ಮೆ ಶಾಲೆಯ ವಾರ್ಷಿಕೋತ್ಸವಕ್ಕೆ ಸಿಸ್ಟರ್ ಒಬ್ಬರು ಊರಿನ ಪದವೊಂದನ್ನು ಕಲಿತು ಬಾ ಎಂದರು. ಅಜ್ಜಿ ತಾನೇ ಕಟ್ಟಿದ್ದ ಒಂದನ್ನು ಹೇಳಿಕೊಟ್ಟಳು. ನಾನು ವೇದಿಕೆಯ ಮೇಲೆ ಕೈಕಟ್ಟಿ ನಿಂತು, ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಹಾಗೆ ಉಚ್ಚರಿಸಿ ಹಾಡಿದೆ. ಚಪ್ಪಾಳೆ ಬಿತ್ತು. ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಂಡಿದ್ದ ಅಜ್ಜಿ ನನ್ನ ಜೊತೆ ಮನೆಗೆ ಹೊರಟಳು. ಮನೆ ಹತ್ತಿರ ಬಂದಾಗ, "ಎಲ್ಲಾ ಸರಿಯಾಗೇ ಏಳ್ದೆ ಕಣವ್ವ. ಉಪ್ಪಾಕೋದೊಂದ ಮರ್ತೆ," ಎಂದಳು.

ಅವಳ ಇನ್ನೊಂದು ಗುಣ ಹೇಳಬೇಕು. ತಪ್ಪು ಮಾಡಿದರೆ ಬೀದಿಗೆಲ್ಲ ಕೇಳುವಂತೆ ಒಪ್ಪಿಕೊಂಡುಬಿಡುತ್ತಿದ್ದಳು. ಒಮ್ಮೆ ಎದುರು ಮನೆಯ ಹಾಸಿನಲ್ಲಿ ಎರಡು ಎಳೆ ಅಡ್ಡವಾಗಿ ಸೇರಿಹೋಗಿ, ನೇಯ್ದ ಸೀರೆಯುದ್ದಕ್ಕೂ ಗೀರಿನ ಹಾಗೆ ಕಂಡಿತು. ಸೀರೆ ಕೊಳ್ಳುವವರು ನೇಯ್ದವನನ್ನು ಬೈಯುತ್ತಿದ್ದರು. ಅಜ್ಜಿ ನೇರವಾಗಿ ಹೋಗಿ ಅವರ ಮುಂದೆ ನಿಂತು, "ಅವನ್ನ ಯಾಕಪ್ಪ ಬೈತೀರಿ, ತಪ್ಸಿದೋಳು ನಾನು," ಎಂದಳು. ಅವರು ಅವಳಿಗೂ ನಾಲ್ಕು ಮಾತು ಆಡಿದರು. ಕೇಳಿಸಿಕೊಂಡು ಮನೆಗೆ ಬಂದವಳು ಎರಡು ಮುದ್ದೆ ಉಂಡಳು. ಒಪ್ಪಿಕೊಂಡರೆ ಹೊಟ್ಟೆ ಹಸಿಯುತ್ತದೆ ನೋಡು ಎಂದು ನನಗೆ ಹೇಳಿದಳು.

ಅವಳ ತವರು ಹನೂರು. ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿ. ಚಿಕ್ಕಂದಿನಿಂದ ಮಾದಪ್ಪನ ಪರಿಷೆ ಮನೆ ಮುಂದೆಯೇ ನಡೆದು ಹೋಗುವುದನ್ನು ನೋಡಿ ಬೆಳೆದವಳಿಗೆ ದೇವರೆಂದರೆ ಹತ್ತಿರದ ನೆಂಟ. ಅವನ ಹತ್ತಿರ ಅವಳು ಕೈಮುಗಿದು ಬೇಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ನಾನು ಮಾತು ಉಳಿಸಿಕೊಂಡೆ, ಈಗ ನೀನು ಉಳಿಸಿಕೋ ಎಂದು ಪಟದ ಮುಂದೆ ಬೆರಳು ತೋರಿಸಿ ಹೇಳುವುದನ್ನು ಕಂಡಿದ್ದೇನೆ.

ಅವಳ ತವರಿನಲ್ಲಿ ಒಂದು ಪದ್ಧತಿಯಿತ್ತು. ಹರಕೆ ಹೊತ್ತವರು, ಮನೆಯಲ್ಲಿ ಎಷ್ಟೇ ಇರಲಿ, ಐದು ಸೋಮವಾರ ಜೋಳಿಗೆ ಹಾಕಿಕೊಂಡು ವಾರಕ್ಕೆ ಏಳು ಮನೆ ಭಿಕ್ಷೆ ಬೇಡಬೇಕು. ಬರಿಗಾಲು, ಹಣೆಗೆ ವಿಭೂತಿ, ಕೈಯಲ್ಲಿ ತಾಳ. ಏಳರಲ್ಲಿ ಒಂದು ಮನೆ ಸ್ವಂತ ರಕ್ತಸಂಬಂಧದ್ದಾಗಿರಬೇಕು. ಅಲ್ಲಿಯೂ ಹೊಸ್ತಿಲು ದಾಟುವಂತಿಲ್ಲ, ಹೆಸರು ಹಿಡಿದು ಕರೆಯುವಂತಿಲ್ಲ, ಮಗಳೇ ಮೊಮ್ಮಗಳೇ ಎನ್ನುವಂತಿಲ್ಲ. ಗುರುತೇ ಇಲ್ಲದವರ ಹಾಗೆ ನಿಂತು ಪದ ಹೇಳಬೇಕು, ಮನೆಯವರು ಒಂದು ಹಿಡಿ ಅಕ್ಕಿ ಹಾಕಬೇಕು. ಹೀಗೆ ಕೂಡಿದ ಅಕ್ಕಿಯಲ್ಲಿ ಕೊನೆಗೆ ಅಡುಗೆ ಮಾಡಿ ಮಾದಪ್ಪನ ಹೆಸರಲ್ಲಿ ಜನಕ್ಕೆ ಊಟ ಹಾಕುವುದು. ಯಾವುದಾದರೂ ಮನೆಯಲ್ಲಿ ಮುಂದಕ್ಕೆ ಹೋಗು ಎಂದರೆ ಆ ವಾರ ಹರಕೆಗೆ ಸೇರುವುದಿಲ್ಲ, ಮತ್ತೊಂದು ಸೋಮವಾರ ಹೋಗಬೇಕು. ಇದೆಲ್ಲ ನನಗೆ ಗೊತ್ತಿತ್ತು. ಎಂಟು ವರ್ಷದವಳಿದ್ದಾಗ ಹನೂರಿನಲ್ಲಿ ಅವಳ ಸೆರಗು ಹಿಡಿದು ನಾನೂ ಏಳು ಮನೆ ಸುತ್ತಿದ್ದೆ.

ನನ್ನನ್ನು ಯಳಂದೂರಿಗೆ ಕೊಟ್ಟರು. ಯಜಮಾನರು ಬ್ಯಾಂಕಿನಲ್ಲಿದ್ದರು. ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ, ಮುಂದೆ ಗ್ರಿಲ್ ಹಾಕಿದ ಜಗುಲಿ. ಮಗಳು ಹುಟ್ಟಿದಳು. ಎರಡೂವರೆ ವರ್ಷವಾದರೂ ಅವಳಿಗೆ ಮಾತು ಬರಲಿಲ್ಲ. ಮೈಸೂರಿನ ಡಾಕ್ಟರು ಕಿವಿ ನೋಡಿ, ನಾಲಿಗೆ ನೋಡಿ, ಕೆಲವರಿಗೆ ತಡವಾಗುತ್ತದೆ, ಕಾಯಿರಿ ಎಂದರು. ಕಾಯುವುದೇ ನನ್ನಿಂದ ಆಗುತ್ತಿರಲಿಲ್ಲ. ಕೊಳ್ಳೇಗಾಲಕ್ಕೆ ಹೋದಾಗ ಅಜ್ಜಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಪದ ಹೇಳುತ್ತಿದ್ದಳು. ಮಗು ಅವಳ ತುಟಿಯನ್ನೇ ನೋಡುತ್ತ, ಬಾಯೊಳಗೆ ಬೆರಳು ಹಾಕಿ, ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಿತ್ತು. ನಾನು ಅಳುವುದನ್ನು ಕಂಡು ಅಜ್ಜಿ ಮಾದಪ್ಪನ ಪಟದ ಕಡೆ ಕೈತೋರಿ, "ಬುಡು, ನಾನು ಅವನತ್ರ ಮಾತಾಡ್ತೀನಿ," ಎಂದಳು. ಅಷ್ಟೇ. ಏನು ಮಾತಾಡುತ್ತಾಳೆಂದು ನಾನು ಕೇಳಲಿಲ್ಲ.

ಆ ಸೋಮವಾರ ಬೆಳಿಗ್ಗೆ ನಮ್ಮ ಮನೆಗೆ ಬ್ಯಾಂಕ್ ಮ್ಯಾನೇಜರರ ಹೆಂಡತಿ ಬಂದಿದ್ದರು, ಜೊತೆಗೆ ಅವರ ತಂಗಿ. ಮೊದಲ ಸಲ ಬರುವವರೆಂದು ನಾನು ಹಿಂದಿನ ದಿನವೇ ಸೋಫಾಕ್ಕೆ ಹೊಸ ಕವರು ಹಾಕಿ, ಕುಕ್ಕರಿನಲ್ಲಿ ಕೇಕು ಮಾಡಿಟ್ಟಿದ್ದೆ. ಮಾತೆಲ್ಲ ಅರ್ಧ ಇಂಗ್ಲಿಷಿನಲ್ಲಿ. ಕಾನ್ವೆಂಟಿನವಳೆಂದು ತಿಳಿದು ಅವರಿಗೆ ಸಂತೋಷವಾಗಿತ್ತು, ಅವರಿಗೆ ಸಂತೋಷವಾದದ್ದು ಕಂಡು ನನಗೆ ಅದಕ್ಕಿಂತ ಹೆಚ್ಚು ಸಂತೋಷವಾಗಿತ್ತು.

ತಾಳದ ಸದ್ದು ಎರಡು ಮನೆ ಆಚೆ ಇರುವಾಗಲೇ ಕೇಳಿಸಿತು. ಆಮೇಲೆ ಕಂಠ. ಯಾರೋ ಎಂದುಕೊಂಡೆ, ಮುಖ ಸರಿಯಾಗಿ ಕಾಣಲಿಲ್ಲ ಎಂದೆಲ್ಲ ಹೇಳಲು ನನಗೆ ದಾರಿಯಿಲ್ಲ. ಎರಡು ಮನೆಯಷ್ಟು ಹೊತ್ತು ನನಗೆ ಸಿಕ್ಕಿತ್ತು. ಅಜ್ಜಿ ಗ್ರಿಲ್ಲಿನ ಮುಂದೆ ಬಂದು ನಿಂತಳು. ವಿಭೂತಿ, ಜೋಳಿಗೆ, ಅರಿಶಿನದಲ್ಲಿ ಅದ್ದಿದ ಹಳೇ ಸೀರೆ, ಹಿಮ್ಮಡಿಯವರೆಗೆ ಧೂಳು. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದು, ಊರೊಳಗೆ ಆರು ಮನೆ ಬೇಡಿ, ಏಳನೆಯದಕ್ಕೆ ನನ್ನ ಮನೆಗೆ ಬಂದಿದ್ದಳು.

ಮ್ಯಾನೇಜರರ ಹೆಂಡತಿ ಮಾತು ನಿಲ್ಲಿಸಿ ಕೇಳಿಸಿಕೊಂಡರು. ಎಷ್ಟು ಚೆನ್ನಾಗಿದೆ ಕಂಠ, ಇವರಿಗೆಲ್ಲ ಯಾರು ಕಲಿಸುತ್ತಾರೋ ಎಂದು ತಂಗಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಹಿಡಿ ಅಕ್ಕಿ ಹಾಕಿ ಕಳಿಸಿ, ಪಾಪ," ಎಂದರು.

ಅಕ್ಕಿ ಹಾಕಬಹುದಿತ್ತು. ಅಜ್ಜಿ ನಿಯಮ ಮುರಿದು ನನ್ನ ಹೆಸರು ಕರೆಯುವವಳಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಕಿದ್ದರೆ ಅವಳು ತಲೆಬಾಗಿ ಹೊರಟುಹೋಗುತ್ತಿದ್ದಳು. ಅವರಿಗೇನೂ ತಿಳಿಯುತ್ತಿರಲಿಲ್ಲ. ಆದರೆ ಅಕ್ಕಿ ಹಾಕಲು ಗ್ರಿಲ್ ತೆಗೆಯಬೇಕು. ಸೊಂಟದ ಮೇಲೆ ಮಗಳಿದ್ದಳು. ಕಂಠ ಕೇಳಿದಾಗಿನಿಂದ ಅವಳು ಕಾಲು ಬಡಿಯುತ್ತಿದ್ದಳು. ಗ್ರಿಲ್ ತೆಗೆದರೆ ಅಜ್ಜಿಯ ಕುತ್ತಿಗೆಗೆ ಹಾರಿ ಬೀಳುತ್ತಾಳೆ, ಭಿಕ್ಷೆಯವಳನ್ನು ಮಗು ಯಾಕೆ ತಬ್ಬಿಕೊಂಡಿತು ಎಂದು ಅವರು ಕೇಳುತ್ತಾರೆ. ನಾನು ಮಗುವಿನ ಮುಖವನ್ನು ನನ್ನ ಭುಜಕ್ಕೆ ಒತ್ತಿ ಹಿಡಿದು, ಜಗುಲಿಯಲ್ಲೇ ನಿಂತು, ಮೆಲ್ಲಗೆ, ಸಿಸ್ಟರುಗಳು ಕಲಿಸಿದ ಸೌಜನ್ಯದಲ್ಲಿಯೇ, "ಮುಂದಕ್ಕೆ ಹೋಗಮ್ಮ," ಎಂದೆ.

ಪದ ನಿಂತಿತು. ಅಜ್ಜಿ ನನ್ನನ್ನು ನೋಡಲಿಲ್ಲ, ಮಗುವಿನ ಬೆನ್ನನ್ನು ನೋಡಿದಳು. "ಆಗ್ಲಿ ತಾಯಿ. ತಣ್ಣಗಿರು," ಎಂದು ಹರಸಿ, ಜೋಳಿಗೆಯ ಬಾಯಿ ಕಟ್ಟಿಕೊಂಡು ಹೊರಟಳು.

ಹಿತ್ತಲ ಬಾಗಿಲಿನಿಂದ ಓಡಿದ್ದರೆ ಬೀದಿಯ ತಿರುವಿನಲ್ಲಿ ಸಿಗುತ್ತಿದ್ದಳು. ನಾನು ಒಳಗೆ ಬಂದು ಕೇಕು ಕತ್ತರಿಸಿದೆ. ಅಂಚು ಸ್ವಲ್ಪ ಸೀದಿತ್ತು. ಸೀದದ್ದನ್ನು ತೆಗೆದು ಚೌಕವಾಗಿ ಜೋಡಿಸಿಟ್ಟೆ.

ಎರಡು ತಿಂಗಳು ಕೊಳ್ಳೇಗಾಲಕ್ಕೆ ಹೋಗಲಿಲ್ಲ. ಹೋಗಲೇಬೇಕಾಗಿ ಬಂದದ್ದು ಹರಕೆಯ ಊಟಕ್ಕೆ. ಪಕ್ಕದ ಬೀದಿಯಲ್ಲಿರುವ ನನ್ನ ಸೋದರತ್ತೆ, ಅಂದರೆ ಅಜ್ಜಿಯ ಮಗಳು, ಬಾಗಿಲಲ್ಲೇ ಸಿಕ್ಕಿದಳು. ಐದು ವಾರಕ್ಕೆ ಮುಗಿಯಬೇಕಾದದ್ದು ಆರು ವಾರವಾಯಿತೆಂದೂ, ಒಂದು ವಾರ ಏಳು ಮನೆ ತುಂಬಲಿಲ್ಲವೆಂದೂ, ಕೊನೆಯ ಸೋಮವಾರ ತನ್ನ ಮನೆಗೇ ಬಂದು ನಿಂತಳೆಂದೂ ಹೇಳಿದಳು. ಯಾರ ಹೆಸರಿನ ಹರಕೆ ಎಂದೆ. ಅತ್ತೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನಿನ್ ಮಗೀನ ಮಾತ್ಗೆ ಕಣೇ. ನಿಂಗೇ ಏಳಿಲ್ವಾ?"

ಅಂದು ಊಟವಾದ ಮೇಲೆ ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಾಗ ಅತ್ತೆ, ಆ ತುಂಬದ ಮನೆ ಯಾವುದವ್ವ ಎಂದು ಕೇಳಿದಳು. ಅಜ್ಜಿ ಅಡಿಕೆ ಅಗಿಯುತ್ತಲೇ, "ಅಗರದಲ್ಲಿ ಒಬ್ಬಳವಳೆ ಕಣಮ್ಮಿ," ಎಂದಳು. ಅಗರ ಯಳಂದೂರಿಗೆ ಬರುವ ದಾರಿಯ ಹಳ್ಳಿ. ಅವಳು ಆನೆ ಹಾಗೆ ದಪ್ಪವಂತೆ. ಬಾಗಿಲಲ್ಲಿ ನಾಯಿ ಕಟ್ಟಿದ್ದಳಂತೆ. ನಾಯಿ ಬೊಗಳಿತೋ ಅವಳು ಬೊಗಳಿದಳೋ ತಿಳಿಯಲಿಲ್ಲವಂತೆ. ಎಲ್ಲರೂ ನಕ್ಕರು. ಅತ್ತೆ ಆ ಹೆಂಗಸಿನ ಕೈಗೆ ಹುಳ ಬೀಳಲಿ ಎಂದಳು. ಅಜ್ಜಿ ಕೂಡಲೇ, "ಥೂ, ಬಾಯ್ ತೊಳ್ಕ. ಮಕ್ಳೊಂದಿಗಳು," ಎಂದು ಗದರಿದಳು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ.

ಆಮೇಲೆ ಆ ಕಥೆ ಮನೆಯ ಕಥೆಯಾಯಿತು. ಪ್ರತಿ ಸಲ ಹೇಳಿದಾಗಲೂ ಅಗರದ ಹೆಂಗಸು ನನ್ನಿಂದ ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದಳು. ಒಮ್ಮೆ ಅವಳಿಗೆ ಮೆಳ್ಳೆಗಣ್ಣು ಬಂತು. ಇನ್ನೊಮ್ಮೆ ಗಂಡ ಕಟ್ಟಿಗೆ ಡಿಪೋ ಇಟ್ಟವನಾದ. ಮತ್ತೊಮ್ಮೆ ತಮಿಳಿನಲ್ಲಿ ಬೈದಳು. ನಮ್ಮ ಬೀದಿಯಲ್ಲಿ ತಮಿಳು ಬಲ್ಲವರಿಗೇನೂ ಬರವಿಲ್ಲ, ಅವರು ಆ ಬೈಗುಳವನ್ನು ಇನ್ನಷ್ಟು ಬೆಳೆಸಿದರು. ಕೊನೆಗೆ ಅಜ್ಜಿ ಅವಳ ಮೇಲೊಂದು ಪದವನ್ನೇ ಕಟ್ಟಿದಳು. ಎಳೆ ಹೊಸೆಯಲು ಕುಳಿತ ಹೆಂಗಸರು ಅವಳ ಹಿಂದೆ ಸೊಲ್ಲು ಹಿಡಿಯುತ್ತಿದ್ದರು.

ಅಗರದ ಅಮ್ಮಣ್ಣಿ ಆನೆಯಂಗವಳೆ
ಬಾಗಿಲಿಗೆ ನಾಯಿ ಬಿಗಿದವಳೆ — ಮಾದೇವ
ಬೊಗಳಿದ್ದು ಯಾರೋ ತಿಳಿನಿಲ್ಲ

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಅವಳ ಪಕ್ಕ ಕುಳಿತು, ಅಜ್ಜಿ ಆವತ್ತು ಎಂದು ಶುರುಮಾಡಿದೆ. ಅವಳು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಆವತ್ತು ನಿಮ್ಮನೇಗೆ ನಾನೆಲ್ಲಿ ಬಂದಿದ್ದೆ ಮಗ? ಬಂದಿದ್ದೋಳು ಮಾದಪ್ಪನ ಭಿಕ್ಸದೋಳು. ಅವಳ್ಗೂ ನಿಂಗೂ ಏನು?" ಎಂದಳು. ಅದು ಕ್ಷಮೆಯೋ, ಅಥವಾ ನಾನು ಒತ್ತಿ ಹೇಳುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಳೋ ತಿಳಿಯದು. ಎದ್ದುಹೋಗಿ ಕಾಫಿ ಮಾಡಿ ತಂದೆ. ನನಗಾದದ್ದು ದುಃಖವಲ್ಲ, ಹಗುರ. ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಆ ಹಗುರಕ್ಕೆ.

ಮಗಳಿಗೆ ಮಾತು ಬಂತು. ಡಾಕ್ಟರು ಬರುತ್ತದೆ ಎಂದಿದ್ದರು, ಅಜ್ಜಿ ಬರಿಸುತ್ತೇನೆ ಎಂದಿದ್ದಳು. ಈಗ ಕಾಲೇಜಿಗೆ ಹೋಗುವ ಹುಡುಗಿ, ಸುಮ್ಮನಿರು ಎಂದರೂ ಇರುವುದಿಲ್ಲ. ಅವಳಿಗೆ ಆ ದಿನದ ನೆನಪಿಲ್ಲ. ಇರಬಹುದೇನೋ ಎಂದು ಕೆಲವು ಸಲ ಅವಳ ಮುಖವನ್ನೇ ನೋಡುತ್ತ ಕುಳಿತುಬಿಡುತ್ತೇನೆ.

ಅಜ್ಜಿ ಕೊನೆಯ ವರ್ಷ ಕಣ್ಣು ಮಂಜಾಗಿ ಎಳೆ ಹೊಸೆಯುವುದನ್ನು ಬಿಟ್ಟಳು. ಬೆರಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಅಂಚನ್ನೇ ತೀಡುತ್ತಿತ್ತು. ಹೆಚ್ಚು ದಿನ ಮಲಗಲಿಲ್ಲ. ಒಂದು ಬೆಳಿಗ್ಗೆ ಗಂಜಿ ಬೇಡ ಎಂದು ಮುಖ ತಿರುಗಿಸಿದವಳು ಮತ್ತೆ ಈ ಕಡೆ ತಿರುಗಲಿಲ್ಲ.

ತಿಥಿಯ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ನಡುಮನೆಯಲ್ಲಿ ಅತ್ತೆ, ನನ್ನ ಅಮ್ಮ, ಬೀದಿಯ ಮೂರು ನಾಲ್ಕು ಹೆಂಗಸರು ಕುಳಿತಿದ್ದರು. ಅಜ್ಜಿಯ ಮಾತೇ ನಡೆದಿತ್ತು. ಯಾರೋ ಅಗರದ ಪದ ಎತ್ತಿದರು. ಅಳುತ್ತಿದ್ದವರೆಲ್ಲ ಮೂಗು ಒರೆಸಿಕೊಂಡು ಸೊಲ್ಲು ಹಿಡಿದರು. ನಾಯಿ ಬೊಗಳುವಲ್ಲಿಗೆ ಬಂದಾಗ ನಗು ತಡೆಯಲಾಗಲಿಲ್ಲ ಅವರಿಗೆ.

ನನಗೆ ಕೂರಲಾಗಲಿಲ್ಲ. "ಅತ್ತೆ, ಅದು ನಾನು," ಎಂದೆ.

"ಏನವ್ವ ನೀನು?"

"ಅಜ್ಜಿಯನ್ನ ಮುಂದಕ್ಕೆ ಹೋಗು ಅಂದವಳು. ಅಗರ ಅಲ್ಲ ಅತ್ತೆ, ಯಳಂದೂರು. ನಮ್ಮನೆ. ಅಜ್ಜಿ ಅಂತ ಗೊತ್ತಿದ್ದೇ ಅಂದೆ."

ಅತ್ತೆ ನನ್ನ ಮುಖವನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು.

"ಬುಡವ್ವ," ಎಂದಳು. "ಆ ಮೆಳ್ಳೆಗಣ್ಣೀನ ನಾನು ನೋಡಿಲ್ವಾ? ನಮ್ಮವ್ವ ಅಷ್ಟು ಸಲ ಏಳಿ ಏಳಿ, ಈಗ ಸಂತೇಲಿ ಸಿಕ್ರೂ ಗುರ್ತಿಡಿತೀನಿ. ನಿಮ್ಮನೇಲಿ ನಾಯಿ ಎಲ್ಲದೆ? ನಿನ್ ಬಾಯಲ್ಲಿ ಅಂತ ಮಾತು ಬತ್ತದಾ? ಸತ್ತೋರ ಮನೇಲಿ ಎಲ್ರಿಗೂ ಅಂಗೇ ಅನ್ಸೋದು. ನಿಮ್ಮಪ್ಪ ನೋಡು, ನಾನು ಸರಿಯಾಗಿ ನೋಡ್ಕಳ್ಳಿಲ್ಲ ಅಂತ ಬೆಳಿಗ್ಗೆಯಿಂದ ಅಳ್ತಾ ಕುಂತವ್ನೆ."

ಇಲ್ಲ ಅತ್ತೆ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ, ಉಳಿದವರ ಕಡೆ ತಿರುಗಿದ್ದಳು.

"ಎಂಥ ಮನಸು ನೋಡ್ರಮ್ಮ ಈ ಮಗೀಂದು. ಕಂಡೋರ ಪಾಪಾನೂ ತನ್ ಮ್ಯಾಲೆ ಎಳ್ಕಂತಾಳೆ. ಅವ್ವಂಗೆ ಇವಳು ಅಂದ್ರೆ ಪ್ರಾಣ, ಸುಮ್ಕೆ ಅಲ್ಲ."

ಹೆಂಗಸರು ಹೌದೆಂದು ತಲೆ ಆಡಿಸಿದರು. ಅಮ್ಮ ಎದ್ದು ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ಹೀಗೆಲ್ಲ ಎಂದಳು. ಸೋಫಾ ಕವರು, ಕೇಕು, ಮ್ಯಾನೇಜರರ ಹೆಂಡತಿ ಹೇಳಿದ ಮಾತು ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಇನ್ನೊಂದು ಸಲ ಬಿಡಿಸಿ ಹೇಳಿದ್ದರೆ ನಂಬುತ್ತಿದ್ದರು. ಅತ್ತೆ ಹತ್ತಿರ ಸರಿದು ನನ್ನ ತಲೆ ಸವರತೊಡಗಿದಳು. ಅವಳಿಗೆ ಸುಲಭವಾಗಲೆಂದು ನಾನು ತಲೆಯನ್ನು ಇನ್ನಷ್ಟು ಬಗ್ಗಿಸಿ ಕೊಟ್ಟೆ.